ಬಂಗು ಎಂದು ಬಂದವರು: ಮುಖದ ಕಪ್ಪು ಕಲೆಗಳ ಬಗ್ಗೆ ನನ್ನ ಅನುಭವ

ಉಡುಪಿಯಲ್ಲಿ ಚರ್ಮರೋಗ ವೈದ್ಯಳಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ, ಮಲ್ಪೆಯ ಕಡೆಯಿಂದ ಮೀನು ಮಾರುವ ಮಹಿಳೆಯೊಬ್ಬರು ಮುಖದ ಕಪ್ಪು ಕಲೆ ತೋರಿಸಲು ಬಂದಿದ್ದರು. ನಡುಹಗಲ ಬಿಸಿಲಿನಲ್ಲಿ ಬುಟ್ಟಿ ಹೊತ್ತು ತಿರುಗುವವರು, ವಯಸ್ಸು ನಲವತ್ತು ದಾಟಿದೆ, ಅವರೇ ಬಾಯಿಬಿಟ್ಟು ‘ಬಂಗು’ ಎನ್ನುತ್ತಿದ್ದಾರೆ. ನಾನೂ ಹೆಚ್ಚು ಯೋಚಿಸದೆ ಬಂಗಿನ ಚಿಕಿತ್ಸೆಯನ್ನೇ ಬರೆದುಕೊಟ್ಟೆ. ಎರಡು ತಿಂಗಳಾದರೂ ಕಲೆ ತಿಳಿಯಾಗಲಿಲ್ಲ, ಬದಲಿಗೆ ಕಿವಿಯ ಮುಂಭಾಗದಿಂದ ಕತ್ತಿನ ಕಡೆಗೆ ಇಳಿಯುತ್ತಿತ್ತು.

ಮೂರನೆಯ ಭೇಟಿಯಲ್ಲಿ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದಾಗ ಕಲೆಯ ಜಾಗವೇ ಬೇರೆ ಕಥೆ ಹೇಳಿತು. ಬಂಗು ಸಾಮಾನ್ಯವಾಗಿ ಎರಡೂ ಕೆನ್ನೆ, ಹಣೆ ಮತ್ತು ಮೇಲ್ತುಟಿಯ ಮೇಲೆ ಸರಿಸುಮಾರು ಒಂದೇ ರೀತಿ ಹರಡಿಕೊಳ್ಳುತ್ತದೆ. ಇವರ ಕಲೆ ಬೂದಿ ಮಿಶ್ರಿತ ಕಂದು ಬಣ್ಣದ್ದಾಗಿ, ಕೂದಲಿನ ಅಂಚನ್ನೇ ಹಿಡಿದು ಹೊರಟಿತ್ತು. ಬೈತಲೆಯಲ್ಲಿ ಅರ್ಧ ಇಂಚು ಬೆಳ್ಳಗಿನ ಬುಡ ಕಾಣುತ್ತಿತ್ತು, ಉಳಿದ ಕೂದಲೆಲ್ಲ ಕಡುಕಪ್ಪು.

“ಡೈ ಹಾಕುವುದಿಲ್ಲ ಅಂದಿದ್ದಿರಲ್ಲ ಅಕ್ಕ?”

“ಡೈ ಅಲ್ಲ ಡಾಕ್ಟ್ರೇ, ಮೆಹಂದಿ. ಕಪ್ಪು ಮೆಹಂದಿ.”

ಅವರು ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆ ತಪ್ಪಾಗಿತ್ತು. ಮದರಂಗಿ ಎಲೆ ಕೊಡುವುದು ಕೆಂಪು ಮಿಶ್ರಿತ ಕಿತ್ತಳೆ ಬಣ್ಣವನ್ನು. ಅಂಗಡಿಯ ಪೊಟ್ಟಣದಲ್ಲಿ ಸಿಗುವ ಕಪ್ಪು ಮೆಹಂದಿಗೆ ಆ ಕಪ್ಪು ಬರುವುದು ಬಹುತೇಕ ಪ್ಯಾರಾಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕದಿಂದ. ಅದರ ಅಲರ್ಜಿ ಕೆಲವರಲ್ಲಿ ತುರಿಕೆ, ಊತಗಳಾಗಿ ಎದ್ದು ಕಾಣುತ್ತದೆ, ಇನ್ನು ಕೆಲವರಲ್ಲಿ ಸದ್ದಿಲ್ಲದೆ ಬರೀ ಕಪ್ಪಾಗಿ ಉಳಿಯುತ್ತದೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗಳ ನಂತರ ಓದುವ ಪ್ಯಾಚ್ ಪರೀಕ್ಷೆ ಈ ಸಂಶಯವನ್ನು ಖಚಿತಪಡಿಸಿತು.

ಅಂದಿನಿಂದ ನಾನು ‘ಡೈ ಹಾಕುತ್ತೀರಾ’ ಎಂದು ಕೇಳುವುದನ್ನು ಬಿಟ್ಟು, ತಲೆಗೆ, ಹಣೆಗೆ, ಮುಖಕ್ಕೆ ಏನೇನು ಹಚ್ಚುತ್ತೀರೋ ಅದನ್ನೆಲ್ಲ ಒಂದು ಚೀಲದಲ್ಲಿ ತನ್ನಿ ಎನ್ನುತ್ತೇನೆ. ಆ ಚೀಲದಿಂದ ಕುಂಕುಮ, ಪರಿಮಳದ ಎಣ್ಣೆಗಳು ಹೊರಬರುತ್ತವೆ. ಅವೂ ಇಂಥ ಕಲೆಗೆ ಕಾರಣವಾಗಬಲ್ಲವು. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಮಾತ್ರ ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದ ಸ್ಟಿರಾಯ್ಡ್ ಬೆರೆತ ಟ್ಯೂಬುಗಳು. ಮೊದಲ ಕೆಲವು ವಾರ ಮುಖ ಬೆಳ್ಳಗಾದಂತೆ ಕಾಣುವುದರಿಂದ ನೆರೆಮನೆಯವರಿಗೂ ಅದರ ಹೆಸರು ಹೇಳಿಕೊಡುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಂಡು, ಮೊಡವೆ ಮತ್ತು ರೋಮ ಬೆಳೆದು, ಬಿಟ್ಟ ಕೂಡಲೇ ಉರಿಯೊಂದಿಗೆ ಮುಖ ಮೊದಲಿಗಿಂತ ಕಪ್ಪಾಗುತ್ತದೆ. ಆ ಹೊತ್ತಿಗೆ ಬಂದವರಿಗೆ ಸಮಾಧಾನ ಹೇಳುವುದೇ ಚಿಕಿತ್ಸೆಯ ಅರ್ಧ ಭಾಗ.

ಉಳಿದ ಕಾರಣಗಳನ್ನು ಕಣ್ಣು ಮತ್ತು ಪ್ರಶ್ನೆ ಸೇರಿ ಹಿಡಿಯುತ್ತವೆ. ಮೂಗಿನ ತುದಿ ಮಾತ್ರ ಕಪ್ಪಾಗಿದ್ದರೆ ಇತ್ತೀಚೆಗೆ ಜ್ವರ, ಗಂಟುನೋವು ಬಂದಿತ್ತೇ ಎಂದು ಕೇಳುತ್ತೇನೆ, ಏಕೆಂದರೆ ಚಿಕೂನ್‌ಗುನ್ಯ ಬಿಟ್ಟುಹೋಗುವ ಗುರುತು ಅದು. ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಬಾಯಿಯ ಸುತ್ತ ಕಲೆ ಕಂಡರೆ ಮಾವಿನ ಸೊನೆಯನ್ನೋ ಹಸಿ ಗೇರುಬೀಜದ ಎಣ್ಣೆಯನ್ನೋ ಶಂಕಿಸುತ್ತೇನೆ. ಕಣತಲೆ ಕಪ್ಪಾಗಿ ದಪ್ಪಗಾಗಿದ್ದರೆ ಕತ್ತಿನ ಹಿಂಭಾಗವನ್ನೂ ನೋಡಿ, ಅಲ್ಲಿಯೂ ಮಖಮಲ್ಲಿನಂತಿದ್ದರೆ ಕ್ರೀಮಿಗೆ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಬರೆಯುತ್ತೇನೆ. ಅಪರೂಪಕ್ಕೆ ಸುಸ್ತು, ತೂಕ ಇಳಿತದ ಜೊತೆಗೆ ಒಸಡು ಮತ್ತು ಅಂಗೈ ಗೆರೆಗಳೂ ಕಪ್ಪಾಗಿದ್ದರೆ ಅದು ಅಡ್ರಿನಲ್ ಗ್ರಂಥಿಯ ತೊಂದರೆಯಿರಬಹುದು. ಅಂಥವರನ್ನು ಅದೇ ದಿನ ಫಿಸಿಶಿಯನ್ ಬಳಿ ಕಳುಹಿಸುತ್ತೇನೆ.

ನಿಜವಾದ ಬಂಗು ನನಗೂ ಬಂದಿತ್ತು, ಬಸುರಿಯಾಗಿದ್ದ ಆರನೆಯ ತಿಂಗಳಲ್ಲಿ. ಮನೆಯ ಹಿರಿಯರು ಲಿವರ್ ಕೆಟ್ಟಿದೆ ಎಂದು ಹೆದರಿದ್ದರು. ಗರ್ಭಾವಸ್ಥೆಯ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ಬಿಸಿಲು, ಮನೆತನದ ಗುಣ, ಇವೇ ಇದರ ಮುಖ್ಯ ಕಾರಣಗಳು. ಆ ಸಮಯದಲ್ಲಿ ಬಣ್ಣ ತಿಳಿಗೊಳಿಸುವ ಔಷಧ ಮುಟ್ಟದೆ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನನ್ನು ಎರಡು ಬೆರಳಿನುದ್ದ ತೆಗೆದುಕೊಂಡು ಮುಖ, ಕತ್ತಿಗೆ ಹಚ್ಚುತ್ತಿದ್ದೆ; ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಬಿಳಿಯ ಸನ್‌ಸ್ಕ್ರೀನ್ ಮಾತ್ರ ಸಾಲದು. ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳ ಮಳೆಯಲ್ಲೂ ತಪ್ಪಿಸಲಿಲ್ಲ. ಹೆರಿಗೆಯಾಗಿ ಒಂದು ವರ್ಷದೊಳಗೆ ಬಹಳಷ್ಟು ಮಾಸಿತು, ಆದರೂ ಪ್ರತಿ ಬೇಸಿಗೆಯಲ್ಲಿ ಎಡಗೆನ್ನೆಯ ಮೇಲೆ ತೆಳುವಾಗಿ ಮರಳುತ್ತದೆ.

ಮಲ್ಪೆಯ ಆ ಅಕ್ಕನಿಗೆ ಕಪ್ಪು ಮೆಹಂದಿ ಬಿಟ್ಟ ಎಂಟು ತಿಂಗಳಿಗೆ ಕಿವಿಯ ಮುಂದಿನ ಕಲೆ ಬಹುತೇಕ ಹೋಯಿತು. ಹಣೆಯ ಅಂಚಿನಲ್ಲಿ ಇನ್ನೂ ಒಂದು ಮಸುಕು ಗೆರೆಯಿದೆ. ಈಗ ಬರುವಾಗ ಅವರ ಕೂದಲು ಪೂರ್ತಿ ಬೆಳ್ಳಗಿರುತ್ತದೆ, ಹಣೆಗೆ ಗಂಧ ಮಾತ್ರ.