ಮನೆಯಲ್ಲಿ ಡಯಾಲಿಸಿಸ್, ದೂರದಿಂದ ನಿಗಾ: ನಾನು ಕಲಿತಿದ್ದು

ಬೆಳಗ್ಗೆ ಡ್ಯೂಟಿಗೆ ಬಂದ ಕೂಡಲೇ ನಾನು ಮೊದಲು ನೋಡುವುದು ರಾತ್ರಿ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಂಡವರ ಪಟ್ಟಿಯನ್ನು. ನಾನು ಡಯಾಲಿಸಿಸ್ ನರ್ಸ್. ನನ್ನ ಪಟ್ಟಿಯಲ್ಲಿರುವವರೆಲ್ಲ ಹೊಟ್ಟೆಯ ಡಯಾಲಿಸಿಸ್, ಅಂದರೆ ಪಿಡಿ ಮಾಡಿಕೊಳ್ಳುವವರು. ಕೆಲವರು ದಿನಕ್ಕೆ ನಾಲ್ಕು ಸಲ ಕೈಯಿಂದಲೇ ಡಯಾಲಿಸಿಸ್ ದ್ರವದ ಬ್ಯಾಗ್ ಬದಲಾಯಿಸುತ್ತಾರೆ, ಪುಸ್ತಕದಲ್ಲಿ ಲೆಕ್ಕ ಬರೆದು ಸಂಜೆ ಅದರ ಫೋಟೋ ಕಳಿಸುತ್ತಾರೆ. ಉಳಿದವರಿಗೆ ರಾತ್ರಿ ಮಲಗಿದಾಗ ಸೈಕ್ಲರ್ ಮಷಿನ್ ಆ ಕೆಲಸ ಮಾಡುತ್ತದೆ. ಹೊಟ್ಟೆಗೆ ನೀರು, ಅಂದರೆ ಆ ದ್ರವ, ಬಿಡುತ್ತದೆ, ಸ್ವಲ್ಪ ಹೊತ್ತು ಒಳಗೆ ಇರಲು ಬಿಟ್ಟು ಹೊರಗೆ ತೆಗೆಯುತ್ತದೆ, ಮತ್ತೆ ಹೊಸ ನೀರು ಬಿಡುತ್ತದೆ. ಬೆಳಗ್ಗೆ ಪೈಪ್ ಬಿಚ್ಚಿದ ಮೇಲೆ ಇಡೀ ರಾತ್ರಿಯ ಲೆಕ್ಕ ನನ್ನ ಕಂಪ್ಯೂಟರಿಗೆ ಬರುತ್ತದೆ.

ಶುರುವಿನಲ್ಲಿ ನಾನು ಪರದೆಯ ಬಣ್ಣ ನೋಡುತ್ತಿದ್ದೆ ಅಷ್ಟೇ. ಕೆಂಪು ಬಂದರೆ ಫೋನ್ ಮಾಡುವುದು, ಹಸಿರು ಇದ್ದರೆ ಮುಂದಿನ ಹೆಸರಿಗೆ ಹೋಗುವುದು. ಅದು ಸಾಲದು ಅಂತ ನನಗೆ ತಿಳಿಸಿಕೊಟ್ಟಿದ್ದು ಒಬ್ಬರು ಹಿರಿಯರ ಲೆಕ್ಕ.

ಅವರಿಗೆ ಯುಎಫ್ ಮಾಮೂಲಾಗಿ ರಾತ್ರಿಗೆ 900 ಎಂಎಲ್ ಆಸುಪಾಸು ಇರುತ್ತಿತ್ತು. ಯುಎಫ್ ಅಂದರೆ ಒಳಗೆ ಬಿಟ್ಟ ನೀರಿಗಿಂತ ಹೊರಗೆ ಬಂದಿದ್ದು ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಮೈಯಲ್ಲಿ ಸೇರಿಕೊಂಡ ನೀರು ಹೋಗುವುದು ಹೀಗೆ. ಅದು 780ಕ್ಕೆ ಇಳಿಯಿತು, ಮಾರನೇ ದಿನ 650, ಆಮೇಲೆ 520. ಎಚ್ಚರಿಕೆ ಬರಬೇಕಾದ ಮಿತಿಯನ್ನು ನಾವು 300ಕ್ಕೆ ಇಟ್ಟಿದ್ದೆವು, ಹಾಗಾಗಿ ಪರದೆ ಹಸಿರಾಗಿಯೇ ಇತ್ತು. ನಾಲ್ಕನೇ ದಿನ ಸುಮ್ನೆ ರಾತ್ರಿಯ ಲೆಕ್ಕದ ವಿವರ ತೆಗೆದು ನೋಡಿದರೆ, ಒಂದೊಂದು ಸಲ ನೀರು ಹೊರಗೆ ಬರಲು ಮೊದಲು 18 ನಿಮಿಷ ಸಾಕಾಗುತ್ತಿದ್ದಲ್ಲಿ ಈಗ ಅರ್ಧ ಗಂಟೆ ಹಿಡಿಯುತ್ತಿತ್ತು. ಫೋನ್ ಮಾಡಿದೆ. "ಏನೂ ತೊಂದರೆ ಇಲ್ಲ ಸಿಸ್ಟರ್, ಆರಾಮಾಗಿದೀನಿ" ಅಂದರು. ಹೊಟ್ಟೆನೋವು? ಇಲ್ಲ. ಜ್ವರ? ಇಲ್ಲ. ಬ್ಯಾಗಿನ ನೀರು ತಿಳಿಯಾಗಿದೆಯಾ? ಇದೆ. ಕೊನೆಗೆ "ಮೋಷನ್ ಸರಿಯಾಗಿ ಆಗ್ತಿದೆಯಾ ಸರ್?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ದಿನ ಆಯ್ತಮ್ಮ, ಅದನ್ನೆಲ್ಲ ನಿಮಗೆ ಹೇಳ್ಬೇಕಾ?" ಅಂದರು.

ಹೇಳಲೇಬೇಕು. ಕರುಳು ತುಂಬಿಕೊಂಡರೆ ಹೊಟ್ಟೆಯೊಳಗಿನ ಕ್ಯಾತಿಟರ್, ಅಂದರೆ ನೀರು ಹೋಗಿಬರುವ ನಳಿಕೆ, ಒತ್ತಿಹೋಗುತ್ತದೆ, ಕೆಲವೊಮ್ಮೆ ಜಾಗವನ್ನೇ ಬಿಟ್ಟು ಸರಿಯುತ್ತದೆ, ನೀರು ಸಲೀಸಾಗಿ ಹೊರಗೆ ಬರುವುದಿಲ್ಲ. ಡಾಕ್ಟರ್ ಮಲಬದ್ಧತೆಗೆ ಔಷಧಿ ಬರೆದರು, ಮೂರನೇ ರಾತ್ರಿಗೆ ಲೆಕ್ಕ ಮತ್ತೆ ಸರಿಹೋಯಿತು. ಕಾರಣ ಕೇಳದೆ ಬರೀ ಯುಎಫ್ ಕಡಿಮೆಯಾಗಿದೆ ಅಂತ 1.5% ಸಕ್ಕರೆಯ (ಡೆಕ್ಸ್ಟ್ರೋಸ್) ಬ್ಯಾಗಿನ ಬದಲು ನೀರನ್ನು ಜಾಸ್ತಿ ಎಳೆಯುವ 2.5% ಹಾಕಿಸಿದ್ದರೆ ಮೈಗೆ ಸಕ್ಕರೆ ಜಾಸ್ತಿ ಸೇರುತ್ತಿತ್ತು, ಮೂಲ ತೊಂದರೆ ಹಾಗೇ ಉಳಿಯುತ್ತಿತ್ತು.

ಅಲ್ಲಿಂದ ನಾನು ಇವತ್ತಿನ ಅಂಕಿಯೊಂದನ್ನೇ ನೋಡುವುದು ಬಿಟ್ಟೆ. ಒಬ್ಬೊಬ್ಬರದೂ ಏಳು ದಿನದ ಸಾಲು ತೆಗೆದು, ಅವರ ಮಾಮೂಲಿಗೆ ಹೋಲಿಸಿ ನೋಡುತ್ತೇನೆ. ಎಲ್ಲರಿಗೂ ಒಂದೇ ಮಿತಿ ಇಟ್ಟಿದ್ದನ್ನೂ ಡಾಕ್ಟರ್ ಜೊತೆ ಕೂತು ಬದಲಾಯಿಸಿದೆವು. ಇನ್ನೂ ಚೆನ್ನಾಗಿ ಮೂತ್ರ ಬರುವವರಿಗೂ ಪೂರ್ತಿ ನಿಂತುಹೋದವರಿಗೂ 400 ಎಂಎಲ್ ಯುಎಫ್ ಒಂದೇ ಅಲ್ಲ, ಅಲ್ವಾ?

ತೂಕ, ಬಿಪಿ ಮಾತ್ರ ಅವರೇ ಒತ್ತಿ ಕಳಿಸಬೇಕು. ಒಬ್ಬರದು ಆರು ದಿನ 62.0, 62.0, 62.0 ಅಂತ ಬಂತು. ಸ್ಥಿರವಾಗಿದೆ ಅಂದುಕೊಂಡು ನಾನು ಸಮಾಧಾನದಲ್ಲಿದ್ದೆ. ಆರನೇ ದಿನ ಬಿಪಿ ಏರಿದ್ದು ಕಂಡು ಫೋನ್ ಮಾಡಿದರೆ, ತೂಕದ ಮಷಿನ್ ಸೆಲ್ ಹೋಗಿ ವಾರವಾಗಿತ್ತು, ಹಳೆಯ ಅಂಕಿಯನ್ನೇ ಒತ್ತುತ್ತಿದ್ದರು. ಹೊಸ ಸೆಲ್ ಹಾಕಿ ನಿಂತರೆ 64.5. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಅಂದರೆ ಹತ್ತಿರಹತ್ತಿರ ಎರಡೂವರೆ ಲೀಟರ್ ಮೈಯಲ್ಲಿ ನಿಂತಿತ್ತು. ಕಾಲು ಒತ್ತಿದರೆ ಬೆರಳಿನ ಗುಳಿ ಉಳಿಯುತ್ತಿದೆ ಅಂತ ಆಗ ಹೇಳಿದರು. ಅದನ್ನು ಮೊದಲೇ ಹಿಡಿಯಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಮನುಷ್ಯರ ತೂಕ ಆರು ದಿನ ಒಂದೇ ಚುಕ್ಕೆಯಲ್ಲಿ ನಿಲ್ಲುವುದಿಲ್ಲ. ಈಗ ಅಲುಗಾಡದ ಅಂಕಿ ಕಂಡರೆ ನಾನು ಮೊದಲು ಅವರಿಗೇ ಫೋನ್ ಮಾಡುತ್ತೇನೆ.

ಇನ್ನೊಬ್ಬರು ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಮಷಿನ್ ನಿಲ್ಲಿಸಿಬಿಡುತ್ತಿದ್ದರು. ಬೈಯಬಹುದಿತ್ತು, ಬೈದಿದ್ದರೆ ನಿಜ ಹೊರಗೆ ಬರುತ್ತಿರಲಿಲ್ಲ. ಅಲಾರಂ ಹೊಡೆದರೆ ಪಕ್ಕದಲ್ಲಿ ಮಲಗಿದ ಮಗು ಏಳುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಮಂಚ ತೋರಿಸಿ ಅಂದೆ. ಮಷಿನ್ ಎಡಕ್ಕಿತ್ತು, ಅವರು ಮಲಗುವುದು ಬಲ ಮಗ್ಗುಲಿಗೆ, ಪೈಪ್ ಮೈ ಕೆಳಗೆ ಸಿಕ್ಕಿ ಮಡಚಿಕೊಳ್ಳುತ್ತಿತ್ತು. ಮಷಿನನ್ನು ಬಲಗಡೆಗೆ ಇಟ್ಟರು, ಅಲಾರಂ ಬಹುಪಾಲು ನಿಂತಿತು, ಬೆಳಗಿನವರೆಗೂ ಡಯಾಲಿಸಿಸ್ ನಡೆಯಿತು.

ಮಷಿನ್‌ಗೆ ಗೊತ್ತಾಗದ ಒಂದು ವಿಷಯವನ್ನು ಟ್ರೈನಿಂಗ್ ದಿನವೇ ಎರಡೆರಡು ಸಲ ಹೇಳುತ್ತೇನೆ. ಹೊರಗೆ ಬಂದ ನೀರು ಮಸುಕಾಗಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಬ್ಯಾಗಿನ ಹಿಂದೆ ಅಚ್ಚಾದ ಹಾಳೆ ಹಿಡಿಯಿರಿ, ಅಕ್ಷರ ಓದಲು ಬರಬೇಕು. ಓದಲು ಬರದಿದ್ದರೆ, ಅಥವಾ ಹೊಟ್ಟೆನೋವು, ಜ್ವರ ಇದ್ದರೆ, ನಾನು ಫೋನ್ ಮಾಡಲಿ ಅಂತ ಕಾಯಬೇಡಿ, ಆ ಬ್ಯಾಗನ್ನೇ ಹಿಡಿದುಕೊಂಡು ತಕ್ಷಣ ಬನ್ನಿ. ಆ ನೀರಿನ ಪರೀಕ್ಷೆಯಲ್ಲಿ ಒಂದು ಮೈಕ್ರೋಲೀಟರ್‌ಗೆ 100ಕ್ಕಿಂತ ಜಾಸ್ತಿ ಬಿಳಿ ರಕ್ತಕಣ ಇದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಅನ್ನುವ ಬಗೆಯವು ಇದ್ದರೆ ಹೊಟ್ಟೆಯೊಳಗೆ ಸೋಂಕು ಅಂತಲೇ ಹಿಡಿಯುತ್ತೇವೆ. ಗಂಟೆಗಳ ತಡವೂ ಒಳ್ಳೆಯದಲ್ಲ. ರಾತ್ರಿ ನಾನು ಪರದೆ ಮುಂದೆ ಕೂತಿರುವುದಿಲ್ಲ ಅಂತಲೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಯಾರೋ ನೋಡುತ್ತಿದ್ದಾರೆ ಅಂತಲೇ ಧೈರ್ಯವಾಗಿ ಇದ್ದುಬಿಡುತ್ತಾರೆ.

ಲೆಕ್ಕ ಚೆನ್ನಾಗಿ ಬಂದ ದಿನವೂ ನಾನು ಒಬ್ಬಿಬ್ಬರಿಗೆ ಫೋನ್ ಮಾಡುತ್ತೇನೆ. ಬರೀ ತಪ್ಪು ಹುಡುಕಲು ಫೋನ್ ಮಾಡಿದರೆ ಕ್ರಮೇಣ ಎತ್ತುವುದನ್ನೇ ನಿಲ್ಲಿಸುತ್ತಾರೆ, ಇಲ್ಲಾ ಚೆನ್ನಾಗಿ ಕಾಣುವ ಅಂಕಿ ಒತ್ತಲು ಶುರು ಮಾಡುತ್ತಾರೆ. ಆ ಹಿರಿಯರು ಈಗ ಬೆಳಗ್ಗೆ ನಾನು ಕೇಳುವ ಮೊದಲೇ ಮೆಸೇಜ್ ಹಾಕುತ್ತಾರೆ. ತೂಕ, ಬಿಪಿ, ಅದರ ಕೆಳಗೆ ಒಂದು ಸಾಲು: "ಮೋಷನ್ ಆಯ್ತು, ನೀರು ತಿಳಿಯಾಗಿದೆ."