ಒಂದು ಡಿಸ್ಕ್ ಕಿತ್ತರೂ ಸರ್ವರ್ ಎದ್ದಿತು

ಕಲಬುರಗಿ ಗಂಜ್‌ನ ದಾಲ್ ಮಿಲ್ಲೊಂದರ ಲೆಕ್ಕಪತ್ರವೆಲ್ಲ ಒಂದು ಹಳೇ ಡೆಸ್ಕ್‌ಟಾಪ್ ಮೇಲೆ ನಡೆಯುತ್ತದೆ. ಅದಕ್ಕೆ ಫ್ರೀಬಿಎಸ್‌ಡಿ (ವಿಂಡೋಸ್ ಬದಲಿಗೆ ಹಾಕುವ ಒಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಕೊಟ್ಟವನು ನಾನೇ. ತೊಗರಿ ಸೀಸನ್ ಬರುವ ಮುಂಚೆ ಇನ್ನೊಂದು ಡಿಸ್ಕ್ ಹಾಕಿ ಮಿರರ್ ಮಾಡ್ತೀನಿ, ಎರಡರಲ್ಲೂ ಒಂದೇ ಡೇಟಾ ಇರೋ ಹಾಗೆ, ಅಂದಾಗ ನಮ್ಮ ಲೈನಿನವರೇ ನಕ್ಕರು. "ರೇಡ್ ಕಾರ್ಡ್ ಇಲ್ದೆ ಎರಡನೇ ಡಿಸ್ಕಿಂದ ಬೂಟ್ ಆಗಂಗಿಲ್ರೀ" ಅಂತ. ಡಿಸ್ಕ್‌ಗಳನ್ನು ಜೋಡಿಯಾಗಿ ನಡೆಸುವ ಆ ಕಾರ್ಡಿಗೆ 20 ಸಾವಿರದ ಹತ್ತಿರ ರೇಟು ಹೇಳಿದರು. ಎಸ್‌ಎಸ್‌ಡಿಗೆ 2 ಸಾವಿರ ಚಿಲ್ಲರೆ. ಸಾವ್ಕಾರ್ರು ಯಾವುದಕ್ಕೆ ಹೂಂ ಅಂದಿರುತ್ತಾರೆ, ನಿಮಗೇ ಗೊತ್ತಲ್ವಾ?

ಅಂಗಡಿಯವರು ಮೊದಲು ಕೊಟ್ಟದ್ದು 240 ಜಿಬಿ, ಹಳೆಯದು 256. ಡಿಸ್ಕನ್ನು ಝಡ್‌ಎಫ್‌ಎಸ್ ಪೂಲಿಗೆ (ಡೇಟಾ ಇರುವ ಜಾಗಕ್ಕೆ) ಸೇರಿಸುವ ಝಡ್‌ಪೂಲ್ ಅಟ್ಯಾಚ್ ಕಮಾಂಡ್ ಒಪ್ಪಲೇ ಇಲ್ಲ, ಡಿಸ್ಕ್ ಚಿಕ್ಕದು ಅಂತು. ಮೇಲೆ 400-500 ಕೊಟ್ಟು ಬದಲಿಸಿಕೊಂಡು ಬಂದೆ. ರಿಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ನಕಲು) ಮುಗೀತು, ಸ್ಟೇಟಸ್‌ನಲ್ಲಿ ಎರಡೂ ಆನ್‌ಲೈನ್. ಎಷ್ಟೋ ಜನ ಇಲ್ಲಿಗೇ ಬಿಲ್ ಕೊಟ್ಟು ಹೋಗುತ್ತಾರೆ. ಆದರೆ ಅಟ್ಯಾಚ್ ನಕಲು ಮಾಡುವುದು ಪೂಲ್ ಇರುವ ಪಾರ್ಟಿಷನ್ ಮಾತ್ರ. ಮಷಿನ್ ಏಳಲು ಬೇಕಾದ ಬೂಟ್ ಪಾರ್ಟಿಷನ್ನಿಗೆ ಏನೂ ಬರುವುದಿಲ್ಲ. ಇಂಥ ಹಳೇ ಬಯೋಸ್ (ಮಷಿನ್ ಎಬ್ಬಿಸುವ ಮೂಲ ಸಾಫ್ಟ್‌ವೇರ್) ಮಷಿನ್‌ನಲ್ಲಿ ಜಿಪಾರ್ಟ್ ಬೂಟ್‌ಕೋಡ್ ಕಮಾಂಡ್ ಕೊಟ್ಟು ಪಿಎಂಬಿಆರ್ (ಡಿಸ್ಕಿನ ಮೊದಲ ಸೆಕ್ಟರಿನ ಪುಟ್ಟ ಕೋಡ್), ಅದು ಎತ್ತಿಕೊಳ್ಳುವ ಜಿಪಿಟಿಝಡ್‌ಎಫ್‌ಎಸ್‌ಬೂಟ್ ಎರಡನ್ನೂ ಹೊಸ ಡಿಸ್ಕಿಗೆ ಬರೆಯಲೇಬೇಕು.

ಬರೆದ ಮೇಲೂ ಹೊಸ ಡಿಸ್ಕಿಂದ ಮಷಿನ್ ಏಳಲಿಲ್ಲ. ಪಾರ್ಟಿಷನ್ ಮಾಡಿದ ಹುಡುಗ "ಜಾಸ್ತಿ ಇರ್ಲಿ ಬಿಡ್ರಿ" ಅಂತ ಬೂಟ್‌ಗೆ 1 ಎಂಬಿ ಕೊಟ್ಟಿದ್ದ. ಪಿಎಂಬಿಆರ್ 545 ಕೆಬಿಗಿಂತ ದೊಡ್ಡದನ್ನು ಮುಟ್ಟುವುದಿಲ್ಲ. ಕಪ್ಪು ಪರದೆ ಮೇಲೆ 'ಬೂಟ್ ಲೋಡರ್ ಟೂ ಲಾರ್ಜ್' ಅಂತ ಒಂದೇ ಸಾಲು, ಅಷ್ಟೇ. ಅಳಿಸಿ 512 ಕೆಬಿ ಮಾಡಿ ಮತ್ತೆ ಬರೆದೆ. ಬಯೋಸ್‌ನಲ್ಲಿ ಬೂಟ್ ಆರ್ಡರ್ ಬೇರೆ, ಹಾರ್ಡ್ ಡಿಸ್ಕ್ ಪ್ರಯಾರಿಟಿ ಬೇರೆ, ಎರಡೂ ನೋಡಿ. ಅಲ್ಲೇ ಇನ್ನೊಂದು ಸೆಟ್ಟಿಂಗ್ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ಸ್ವಾಪ್ (ರಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮರೆಯಬೇಡಿ. ಅದು ಒಂದೇ ಡಿಸ್ಕಿನಲ್ಲಿದ್ದು, ಓಡುತ್ತಿರುವಾಗಲೇ ಆ ಡಿಸ್ಕ್ ಕೈಕೊಟ್ಟರೆ ಮಷಿನ್ನೂ ಮಲಗಬಹುದು. ನಾನು ಸ್ವಾಪನ್ನು ಫ್ರೀಬಿಎಸ್‌ಡಿಯದೇ ಇನ್ನೊಂದು ಮಿರರ್ ಸಾಧನವಾದ ಜಿಮಿರರ್ ಮೇಲೆ ಇಟ್ಟೆ. ಹಿಂದೆ ಇಡೀ ಡಿಸ್ಕನ್ನೇ ಜಿಮಿರರ್ ಮಾಡಿ ನೋಡಿದ್ದುಂಟು. ಅದು ತನ್ನ ಗುರುತನ್ನು ಡಿಸ್ಕಿನ ಕೊನೇ ಸೆಕ್ಟರಿನಲ್ಲಿ ಬರೆಯುತ್ತದೆ, ಜಿಪಿಟಿಯ (ಡಿಸ್ಕಿನ ಪಾರ್ಟಿಷನ್ ಪಟ್ಟಿಯ) ಬ್ಯಾಕಪ್ ಹೆಡರ್ ಕೂರುವುದೂ ಅಲ್ಲೇ. ಇಬ್ಬರಿಗೂ ಜಗಳ. ಪಾರ್ಟಿಷನ್ ಮಟ್ಟದಲ್ಲಿ ಮಾಡಿದರೆ ತಕರಾರಿಲ್ಲ. ಮನೆಯ ಯುಇಎಫ್‌ಐ (ಬಯೋಸ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಮಷಿನ್‌ನಲ್ಲಿ ಸುಮ್ನೆ ಕುತೂಹಲಕ್ಕೆ ಇನ್ನೊಂದು ಪ್ರಯೋಗ ಮಾಡಿದೆ: ಎರಡನೇ ಡಿಸ್ಕಿನಲ್ಲೂ ಇಎಫ್‌ಐ ಪಾರ್ಟಿಷನ್ ಮಾಡಿ ಲೋಡರ್ ಫೈಲನ್ನು ಕೈಯಾರೆ ನಕಲು ಮಾಡುವುದು. ಅದೂ ಎದ್ದಿತು.

ಮಿಲ್ಲಿನಲ್ಲಿ ಎಲ್ಲರ ಮುಂದೆ ಮಷಿನ್ ಆಫ್ ಮಾಡಿ ಹಳೇ ಡಿಸ್ಕಿನ ಸಾಟಾ ಕೇಬಲ್ ಕಿತ್ತೆ. "ಏನ್ರೀ, ಸೀಸನ್ ಹತ್ರ ಬಂದಾಗ ಹಾಳು ಮಾಡ್ತೀರೇನು?" ಅಂದರು ಸಾವ್ಕಾರ್ರು. ಒಂದು ನಿಮಿಷದೊಳಗೆ ಲಾಗಿನ್ ಬಂತು. ಪೂಲ್ ಡಿಗ್ರೇಡೆಡ್ (ಒಂದು ಡಿಸ್ಕ್ ಕಮ್ಮಿ) ಅಂತಿತ್ತು, ಬಿಲ್ ಮಾತ್ರ ಪ್ರಿಂಟ್ ಆಯಿತು. ನಕ್ಕವರಲ್ಲಿ ಒಬ್ಬರು ಆಮೇಲೆ ಫೋನ್ ಮಾಡಿ ಕಮಾಂಡ್ ಕೇಳಿದರು.

ಝಡ್‌ಪೂಲ್ ಅಪ್‌ಗ್ರೇಡ್ ಮಾಡುವವರು ಬೂಟ್‌ಕೋಡನ್ನು ಎರಡೂ ಡಿಸ್ಕಿಗೆ ಹೊಸದಾಗಿ ಬರೆಯಿರಿ, ಹಳೇ ಕೋಡ್‌ಗೆ ಹೊಸ ಪೂಲ್ ಓದಲು ಬರದೇ ಹೋಗಬಹುದು. ನಾನಂತೂ ತೊಗರಿ ಆವಕ ಇಳಿಯೋವರೆಗೆ ಅದಕ್ಕೆ ಕೈ ಹಾಕಲ್ಲ.