ಮಾರ್ಕಿಯಾಫಾವಾ-ಬಿಗ್ನಾಮಿ ಕಾಯಿಲೆನ ಎಂಆರ್‌ಐನಲ್ಲಿ ಹಿಡಿದಿದ್ದು: ನನ್ನ ಅನುಭವ

ನಾನು ರೇಡಿಯಾಲಜಿಸ್ಟ್, ಸ್ಕ್ಯಾನ್ ನೋಡಿ ಕಾಯಿಲೆ ಹೇಳೋ ಡಾಕ್ಟರ್. ಮಾರ್ಕಿಯಾಫಾವಾ-ಬಿಗ್ನಾಮಿ ಅಂದ್ರೆ ಹೆಚ್ಚಾಗಿ ವರ್ಷಗಟ್ಟಲೆ ಕುಡಿಯೋರಲ್ಲಿ, ಮೆದುಳಿನ ಎಡ-ಬಲ ಭಾಗಗಳನ್ನ ಜೋಡಿಸೋ ನರಪಟ್ಟಿ (ಕಾರ್ಪಸ್ ಕಲೋಸಮ್) ಹಾಳಾಗೋ ಅಪರೂಪದ ಕಾಯಿಲೆ. ಈ ಕಾಯಿಲೆ ಹೆಸರು ಓದೋ ಕಾಲದಲ್ಲಿ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು, 1903ರಲ್ಲಿ ಇಟಲಿಯ ಇಬ್ಬರು ಪೆಥಾಲಜಿಸ್ಟ್‌ಗಳು ವರದಿ ಮಾಡಿದ್ದು, ಎಂಆರ್‌ಐ ಬರೋವರೆಗೂ ಹೆಚ್ಚಾಗಿ ಪೋಸ್ಟ್‌ಮಾರ್ಟಮ್‌ನಲ್ಲೇ ಗೊತ್ತಾಗ್ತಿತ್ತು.

ನಮ್ಮ ಹತ್ರ ಬಂದ ಕೇಸ್‌ನಲ್ಲಿ ಫಾರ್ಮ್ ಮೇಲೆ ಬರೆದಿದ್ದು "ಸ್ಟ್ರೋಕ್?" ಅಂತ ಅಷ್ಟೇ. ಗೊಂದಲ, ಮಾತು ತೊದಲೋದು, ನಡೆಯೋಕೆ ಆಗ್ತಿಲ್ಲ. ಆಕ್ಸಿಯಲ್ ಫ್ಲೇರ್‌ನಲ್ಲಿ (ಮೆದುಳನ್ನ ಅಡ್ಡಲಾಗಿ ಕತ್ತರಿಸಿದಂಗೆ ತೋರಿಸೋ ಒಂದು ಬಗೆ ಎಂಆರ್‌ಐ ಚಿತ್ರ) ಕಾರ್ಪಸ್ ಕಲೋಸಮ್‌ನ ಹಿಂಭಾಗ, ಅಂದ್ರೆ ಸ್ಪ್ಲೀನಿಯಮ್, ಬೆಳ್ಳಗೆ ಕಾಣ್ತು. ಆದ್ರೆ ಅದೊಂದನ್ನೇ ನೋಡಿ ಏನೂ ಹೇಳೋಕಾಗಲ್ಲ ನೋಡಿ, ಫಿಟ್ಸ್ ಆದ್ಮೇಲೆ, ಶುಗರ್ ತುಂಬಾ ಇಳಿದಾಗ, ವೈರಲ್ ಸೋಂಕಲ್ಲಿ, ಎಲ್ಲದರಲ್ಲೂ ಹಂಗೇ ಆಗಬಹುದು. ಸ್ಯಾಜಿಟಲ್, ಅಂದ್ರೆ ಪಕ್ಕದಿಂದ ನೋಡಿದಂಗೆ ಕಾಣೋ ಚಿತ್ರ, ತೆಗೆಸಿದೆ, ಆಗ ವಿಷಯ ಸ್ಪಷ್ಟ ಆಯ್ತು: ಮುಂದಿಂದ ಹಿಂದಿನವರೆಗೂ ನಡುವಿನ ಪದರ ಮಾತ್ರ ಬೆಳ್ಳಗೆ, ಮೇಲಿನ ಅಂಚು ಕೆಳಗಿನ ಅಂಚು ಎರಡೂ ನಾರ್ಮಲ್, ಇದನ್ನೇ ಸ್ಯಾಂಡ್‌ವಿಚ್ ಸೈನ್ ಅನ್ನೋದು. ಅಂಗಾಂಶದಲ್ಲಿ ನೀರಿನ ಚಲನೆ ತೋರಿಸೋ ಡಿಫ್ಯೂಷನ್ ಚಿತ್ರದಲ್ಲೂ ಬೆಳ್ಳಗೆ, ಅದರ ಜೊತೆ ಬರೋ ಎಡಿಸಿ ಚಿತ್ರದಲ್ಲಿ ಕಪ್ಪು, ಅಂದ್ರೆ ಅಲ್ಲಿ ಆ ಚಲನೆ ತಗ್ಗಿದೆ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಹಾಳಾಗೋ ಕಾಯಿಲೆ) ಆಗಿದ್ರೆ ಚುಕ್ಕೆ ಚುಕ್ಕೆಯಾಗಿ, ಕೆಳ ಅಂಚಿಗೆ ಅಂಟಿಕೊಂಡು ಇರೋದು ಜಾಸ್ತಿ, ಸ್ಟ್ರೋಕ್ ಆಗಿದ್ರೆ ಸಾಮಾನ್ಯವಾಗಿ ಒಂದೇ ಕಡೆಗೆ ವಾಲಿರುತ್ತೆ, ಇಲ್ಲಿ ಎರಡೂ ಕಡೆ ಸಮ.

ಮನೆಯವರನ್ನ ಕೂರಿಸಿಕೊಂಡು ನಾನೇ ಕೇಳಿದೆ, ವರ್ಷಗಟ್ಟಲೆ ಕುಡಿತ, ಇತ್ತೀಚೆಗೆ ಊಟಾನೂ ಸರಿಯಾಗಿ ಇಲ್ಲ ಅಂದ್ರು. ಥಯಮಿನ್ (ವಿಟಮಿನ್ ಬಿ1) ಕೊರತೆಯಿಂದ ಬರೋ ವರ್ನಿಕೆ ಅನ್ನೋ ಮೆದುಳಿನ ಕಾಯಿಲೆ ಕೂಡ ಜೊತೆಗೇ ಇರಬಹುದು, ಅದಕ್ಕೆ ಅದು ಸಾಮಾನ್ಯವಾಗಿ ಕಾಣೋ ಮೆದುಳಿನ ಒಳಭಾಗಗಳು, ಥಲಾಮಸ್, ಮ್ಯಾಮಿಲರಿ ಬಾಡಿ ಎಲ್ಲಾ ಇನ್ನೊಂದು ಸಲ ನೋಡಿದೆ, ಅಲ್ಲಿ ಏನೂ ಕಾಣ್ಲಿಲ್ಲ. ಆದ್ರೂ ವರ್ನಿಕೆಯಲ್ಲೂ ಸ್ಕ್ಯಾನ್ ನಾರ್ಮಲ್ ಬರಬಹುದು, ಹಾಗಾಗಿ ರಿಪೋರ್ಟ್ ಟೈಪ್ ಆಗೋವರೆಗೂ ಕಾಯದೆ ವಾರ್ಡ್‌ಗೆ ಫೋನ್ ಮಾಡಿ ಥಯಮಿನ್ ಈಗ್ಲೇ ಐವಿ ಶುರು ಮಾಡಿ, ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಒಂದೇ ಹಾಕ್ಬೇಡಿ ಅಂದೆ.

ರೋಗಿಯ ಪ್ರಜ್ಞೆ ಸ್ವಲ್ಪ ತಿಳಿಯಾದ ಮೇಲೆ ನ್ಯೂರಾಲಜಿಸ್ಟ್ ಜೊತೆ ನಾನೂ ಹೋಗಿದ್ದೆ. ಕಣ್ಣು ಮುಚ್ಚಿಸಿ ಎಡಗೈಗೆ ಬೀಗದ ಕೈ ಕೊಟ್ರು, ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡ್ತಾರೆ, ಹೆಸರು ಹೇಳೋಕೆ ಆಗ್ತಿಲ್ಲ. ಬಲಗೈಗೆ ಕೊಟ್ಟ ತಕ್ಷಣ "ಕೀ" ಅಂದ್ರು. ಎಡಗೈಯಿಂದ ಬಂದ ಸುದ್ದಿ ಬಲ ಮೆದುಳಿಗೆ ಹೋಗುತ್ತೆ, ಅಲ್ಲಿಂದ ಮಾತಿರೋ ಎಡಭಾಗಕ್ಕೆ ದಾಟಬೇಕಾದ ದಾರಿಯೇ ಕೆಟ್ಟಿದೆ. ಸ್ಕ್ಯಾನಲ್ಲಿ ಕಂಡಿದ್ದು ಕೈಯಲ್ಲೂ ಕಂಡಿತ್ತು.

ತಿಂಗಳುಗಳ ನಂತರದ ಸ್ಕ್ಯಾನಲ್ಲಿ ಕಲೋಸಮ್ ತೆಳ್ಳಗಾಗಿ ನಡುವೆ ಸಣ್ಣ ಟೊಳ್ಳುಗಳು ಇದ್ವು, ಆದ್ರೆ ಅವರು ತಾವೇ ನಡ್ಕೊಂಡು ಬಂದಿದ್ರು. ಈಗ ಕುಡಿತದ ಹಿನ್ನೆಲೆ ಇದ್ದು ಗೊಂದಲ ಅಂತ ಯಾರೇ ಬರ್ಲಿ, ಸ್ಯಾಜಿಟಲ್ ಫ್ಲೇರ್ ಕೇಳದೇನೇ ತೆಗೀರಿ ಅಂತ ಟೆಕ್ನಿಷಿಯನ್‌ಗಳಿಗೆ ಹೇಳಿಟ್ಟಿದೀನಿ.